ಬಾಖನಿಗೆ ಸಂಬಳ ಎಷ್ಟು?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಮುಲ್ಕ್ ರಾಜ್ ಆನಂದರ 'ಅನ್‌ಟಚೆಬಲ್' ಪಾಠ ಮಾಡುತ್ತಿದ್ದೆ. ಬಾಖ ಜಿಲೇಬಿ ಕೊಂಡು ತಿನ್ನುತ್ತಾ ಬೀದಿಯಲ್ಲಿ ನಡೆಯುವಾಗ ಮೇಲ್ಜಾತಿಯವನೊಬ್ಬನನ್ನು ಅರಿಯದೆ ಮುಟ್ಟಿಬಿಡುತ್ತಾನೆ. ಜನ ಮುತ್ತಿಕೊಳ್ಳುತ್ತಾರೆ, ಕೆನ್ನೆಗೆ ಏಟು ಬೀಳುತ್ತದೆ, ಜಿಲೇಬಿ ಮಣ್ಣುಪಾಲಾಗುತ್ತದೆ. ಈ ಭಾಗ ಓದುವಾಗ ತರಗತಿ ಸಾಮಾನ್ಯವಾಗಿ ಸ್ತಬ್ಧವಾಗುತ್ತದೆ. ಪಾಠ ಚೆನ್ನಾಗಿ ಆಯಿತು ಎಂದು ಮೇಷ್ಟ್ರಿಗೆ ಅನ್ನಿಸುವ ಗಳಿಗೆ ಅದು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: "ಸರ್, ಈ ಬಾಖನಿಗೆ ಸಂಬಳ ಎಷ್ಟು?"

ಒಂದಿಬ್ಬರು ನಕ್ಕರು. ನನಗೂ ಉತ್ತರ ಹೊಳೆಯಲಿಲ್ಲ. ಬಾಖ ಸಿಗರೇಟು ಕೊಳ್ಳುತ್ತಾನೆ, ಜಿಲೇಬಿ ಕೊಳ್ಳುತ್ತಾನೆ, ಅಂದರೆ ಕೈಯಲ್ಲಿ ನಾಲ್ಕು ಕಾಸು ಇದೆ. ಮನೆ ಮನೆ ಮುಂದೆ ನಿಂತು ಕೂಗಿದರೆ ರೊಟ್ಟಿ ಸಿಗುತ್ತದೆ. ಒಬ್ಬಾಕೆ ಮಹಡಿಯಿಂದಲೇ ಎಸೆಯುತ್ತಾಳೆ, ಅವನು ಬೀದಿಯಿಂದ ಎತ್ತಿಕೊಳ್ಳುತ್ತಾನೆ. ಆದರೆ ಆ ಒಂದೇ ದಿನದ ಕಥೆಯೊಳಗೆ ಸಂಬಳದ ದಿನ ಬರುವುದಿಲ್ಲ. "ನಾಳೆ ನೋಡಿ ಹೇಳುತ್ತೇನಮ್ಮ" ಎಂದು ಜಾರಿಕೊಂಡೆ. ಆ ಹುಡುಗಿಯ ತಾಯಿ ನಮ್ಮ ಊರಿನದೇ ಒಂದು ವಾರ್ಡಿನಲ್ಲಿ ಗುತ್ತಿಗೆ ಪೌರಕಾರ್ಮಿಕರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅವಳಿಗೆ ಬಾಖನ ಅವಮಾನ ಹೊಸದಾಗಿರಲಿಲ್ಲ. ಆ ತಿಂಗಳು ಮನೆಗೆ ಸಂಬಳ ಬಂದಿರಲಿಲ್ಲ, ಅಷ್ಟೆ.

ಅಂದಿನಿಂದ ನಗರ ಗುಡಿಸುವವರ ಬಗ್ಗೆ ಬಂದಿರುವ ಬರಹವನ್ನೆಲ್ಲ ನಾನು ಆ ಪ್ರಶ್ನೆಯ ಜೊತೆಯಲ್ಲೇ ಓದುತ್ತಿದ್ದೇನೆ. ಇದೇನೂ ಸಾಹಿತ್ಯ ವಿಮರ್ಶೆಯ ದೊಡ್ಡ ಮಾನದಂಡವಲ್ಲ, ಒಪ್ಪುತ್ತೇನೆ. ಆದರೆ ಮೊದಲು ಕಾಣದಿದ್ದ ಕೆಲವು ಸಂಗತಿಗಳು ಇದರಿಂದ ಕಾಣುತ್ತಿವೆ.

ಮೊದಲು ಆನಂದರ ಕಾದಂಬರಿಯನ್ನೇ ನೋಡೋಣ. 1935ರಲ್ಲಿ ಬಂದ ಪುಸ್ತಕ ಅದು, ಮುನ್ನುಡಿ ಇ. ಎಂ. ಫಾರ್ಸ್ಟರ್ ಅವರದು. ದಂಡುಪ್ರದೇಶದ ಪಕ್ಕದ ಒಂದು ಊರಿನಲ್ಲಿ ಹದಿನೆಂಟರ ಹುಡುಗನೊಬ್ಬ ಬೆಳಿಗ್ಗೆ ಎದ್ದು ಪಾಯಖಾನೆಗಳನ್ನು ಬಳಿಯುವಲ್ಲಿಂದ ಸಂಜೆಯವರೆಗಿನ ಕಥೆ. ಬಾಖ ಅಚ್ಚುಕಟ್ಟಿನ ಆಳು. ಸಿಪಾಯಿಗಳ ಹಳೆಯ ಬೂಟು, ಕೋಟು ಹಾಕಿಕೊಳ್ಳುವ ಶೋಕಿ ಅವನಿಗೆ. ಹೊಲಸಿನ ನಡುವೆ ಕೆಲಸ ಮಾಡಿಯೂ ಹೊಲಸಾಗದ ಈ ಮೈಯನ್ನು ಆನಂದರು ಪ್ರೀತಿಯಿಂದ ಬರೆದಿದ್ದಾರೆ. ಕೊನೆಯಲ್ಲಿ ಅವನ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಕರ್ನಲ್ ಹಚಿನ್‌ಸನ್ ಕ್ರಿಸ್ತನನ್ನು ತೋರಿಸುತ್ತಾನೆ. ಗಾಂಧಿಯವರ ಭಾಷಣ ಕಿವಿಗೆ ಬೀಳುತ್ತದೆ. ಅದೇ ಗುಂಪಿನಲ್ಲಿದ್ದ ಕವಿಯೊಬ್ಬ ಯಂತ್ರವೊಂದರ ಸುದ್ದಿ ಹೇಳುತ್ತಾನೆ: ನೀರು ಬಿಟ್ಟರೆ ಮಲ ತಾನಾಗಿಯೇ ಹರಿದುಹೋಗುತ್ತದೆ, ಯಾರೂ ಕೈಯಲ್ಲಿ ಮುಟ್ಟಬೇಕಾಗಿಲ್ಲ. ಫ್ಲಷ್. ಫಾರ್ಸ್ಟರ್ ಅವರ ಒಲವೂ ಈ ಮೂರನೆಯದರ ಕಡೆಗೇ. ದೇವರೂ ಬೇಡ, ತ್ಯಾಗವೂ ಬೇಡ, ಫ್ಲಷ್ ಬಂದರೆ ಸಾಕು ಎಂಬ ಧಾಟಿಯಲ್ಲಿ ಅವರು ಬರೆದರು.

ಎಂಬತ್ತು ತೊಂಬತ್ತು ವರ್ಷ ಕಳೆದ ಮೇಲೆ ಆ ಪುಟಗಳನ್ನು ಓದುವ ನಮಗೆ ಮುಂದಿನ ಕಥೆ ಗೊತ್ತಿದೆ. ಫ್ಲಷ್ ಬಂತು. ಮಲ ಹರಿದುಹೋಯಿತು. ಹರಿದುಹೋದದ್ದು ಎಲ್ಲಿಗೆ ಎಂಬ ಪ್ರಶ್ನೆಯನ್ನು ಕವಿಯೂ ಕೇಳಲಿಲ್ಲ, ಫಾರ್ಸ್ಟರರೂ ಕೇಳಲಿಲ್ಲ. ಅದು ರಸ್ತೆಯ ಕೆಳಗಿನ ಕೊಳವೆಗೆ ಹೋಯಿತು, ಕೊಳವೆ ಕಟ್ಟಿಕೊಂಡಾಗ ಬಾಖನ ಮೊಮ್ಮಗನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಮ್ಯಾನ್‌ಹೋಲಿಗೆ ಇಳಿಸಿದರು. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಕ್ಕೆ ತಲಾ ಹತ್ತು ಲಕ್ಷ ರೂಪಾಯಿ ಕೊಡಿ ಎಂದಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತಲೇ ಇದೆ ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಇದಕ್ಕೆ ಆನಂದರನ್ನು ದೂರುವುದು ಸರಿಯಲ್ಲ. ಆದರೆ ಕಾದಂಬರಿಯ ಕಣ್ಣು ಹೊಲಸಿನ ಮೇಲೆ ಎಷ್ಟು ನೆಟ್ಟಿತ್ತೆಂದರೆ, ಹೊಲಸು ಹೋದರೆ ಹೊಲಸು ಎತ್ತುವವನ ಸಮಸ್ಯೆಯೂ ಹೋಗುತ್ತದೆ ಎಂದು ಅದು ನಂಬಿತು. ಸಂಬಳದ ಪ್ರಶ್ನೆ ಕೇಳಿದ್ದರೆ ಆ ನಂಬಿಕೆ ಅಷ್ಟು ಸುಲಭವಾಗಿ ಹುಟ್ಟುತ್ತಿರಲಿಲ್ಲ. ಈ ಕೆಲಸ ಇಷ್ಟು ಅಗ್ಗವಾಗಿ ಸಿಗುತ್ತಿರುವಷ್ಟು ದಿನ ಯಂತ್ರ ಕೊಳ್ಳುವ ಅವಸರ ಯಾವ ಪುರಸಭೆಗೆ ಇರುತ್ತದೆ?

ಈ ಪ್ರಶ್ನೆಯನ್ನು ಕೇಳಿದವರು ತಕಳಿ ಶಿವಶಂಕರ ಪಿಳ್ಳೆ. ಅವರ 'ತೋಟ್ಟಿಯುಡೆ ಮಗನ್', ನಮ್ಮ ಬಾಯಲ್ಲಿ 'ತೋಟಿಯ ಮಗ', ಬಂದದ್ದು 1947ರಲ್ಲಿ. ಅಲಪ್ಪುಳ ಪಟ್ಟಣದ ಮಲ ಹೊರುವವರ ಮೂರು ತಲೆಮಾರಿನ ಕಥೆ: ಇಶುಕ್ಕುಮುತ್ತು, ಅವನ ಮಗ ಚುಡಲಮುತ್ತು, ಅವನ ಮಗ ಮೋಹನನ್. ಇಲ್ಲಿ ಅವಮಾನಕ್ಕಿಂತ ಮೊದಲು ಬರುವುದು ನೌಕರಿ. ಅಪ್ಪನಿಗೆ ಕಾಯಿಲೆಯಾಗುತ್ತದೆ, ಕೆಲಸ ಬೇರೆಯವರ ಪಾಲಾಗಬಾರದೆಂದು ಮಗ ಬಕೆಟ್ಟು ಹಿಡಿಯುತ್ತಾನೆ. ಓವರ್ಸಿಯರ್ ಇದ್ದಾನೆ, ಮುನಿಸಿಪಾಲಿಟಿ ಅಧ್ಯಕ್ಷನಿದ್ದಾನೆ, ಕಾರ್ಮಿಕರ ಸಂಘ ಇದೆ, ಸಂಘವನ್ನು ಮುರಿಯುವ ಒಳಸಂಚೂ ಇದೆ. ಆ ಸಂಚಿಗೆ ಕೈಗೂಡಿಸುವವನು ಚುಡಲಮುತ್ತುವೇ. ಏಕೆಂದರೆ ಅವನಿಗೆ ತನ್ನ ಮಗ ತೋಟಿಯಾಗಬಾರದು. ಕಾಸಿಗೆ ಕಾಸು ಕೂಡಿಸುತ್ತಾನೆ, ಮಗನಿಗೆ ಮೋಹನನ್ ಎಂದು ಮೇಲಿನವರ ಹೆಸರಿಡುತ್ತಾನೆ, ಊರು ನಗುತ್ತದೆ. ಕಾಲರಾ ಬಂದು ಅವನೂ ಹೋಗುತ್ತಾನೆ, ಮಗನ ಕೈಗೆ ಕೊನೆಗೂ ಅದೇ ಬಕೆಟ್ಟು ಬರುತ್ತದೆ.

ಚುಡಲಮುತ್ತು ನನಗೆ ಬಾಖನಿಗಿಂತ ದೊಡ್ಡ ಪಾತ್ರವಾಗಿ ಕಾಣುತ್ತಾನೆ. ಬಾಖನನ್ನು ನಾವು ಪ್ರೀತಿಸಬಹುದು, ಅವನಿಗಾಗಿ ಮರುಗಬಹುದು; ನಮಗೆ ಖರ್ಚಿಲ್ಲ. ಚುಡಲಮುತ್ತುವನ್ನು ಹಾಗೆ ಪ್ರೀತಿಸಲು ಬರುವುದಿಲ್ಲ. ತನ್ನವರಿಗೆ ದ್ರೋಹ ಮಾಡಿದವನು ಅವನು. ಆದರೆ ಅವನ ದ್ರೋಹದ ಹಿಂದಿರುವುದು ಮಗನನ್ನು ಓದಿಸಬೇಕೆಂಬ ಆಸೆ. ಆ ಆಸೆಯನ್ನು ನಾವೆಲ್ಲ ಸದ್ಗುಣ ಎಂದೇ ಕರೆಯುತ್ತೇವೆ. ತಕಳಿಯವರ ಕಾದಂಬರಿಯ ಕೊನೆಯ ಭಾಗ, ಕ್ರಾಂತಿಯ ಕಡೆ ಹೊರಳುವ ಭಾಗ, ಸ್ವಲ್ಪ ಅವಸರದ್ದು ಎಂದು ನನಗೆ ಅನ್ನಿಸುತ್ತದೆ. ಆದರೆ ನಗರ ಸ್ವಚ್ಛವಾಗಿರುವುದು ಒಂದು ಕಚೇರಿಯ ಮೂಲಕ, ಒಂದು ಹಾಜರಿ ಪುಸ್ತಕದ ಮೂಲಕ ಎಂಬುದನ್ನು ಕಂಡುಕೊಂಡ ಮೊದಲ ಭಾರತೀಯ ಕಾದಂಬರಿಕಾರರಲ್ಲಿ ಅವರು ಒಬ್ಬರು.

ಕನ್ನಡದಲ್ಲಿ? ಈ ಪ್ರಶ್ನೆಗೆ ಬಂದಾಗ ನನಗೆ ನೆನಪಾಗುವುದು ಸಾಹಿತಿಯಲ್ಲ, ಒಬ್ಬ ಮಂತ್ರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಸ್ಥಾನ ಬಿಡಬೇಕಾಯಿತು. ದಲಿತ ಸಾಹಿತ್ಯ ಚಳವಳಿಯ ಚರಿತ್ರೆ ಬರೆಯುವವರೆಲ್ಲ ಇಲ್ಲಿಂದ ಶುರುಮಾಡುತ್ತಾರೆ. ಇದೇ ಬಸವಲಿಂಗಪ್ಪನವರು ಅರಸು ಸಂಪುಟದಲ್ಲಿ ಪೌರಾಡಳಿತ ಖಾತೆ ನೋಡಿಕೊಂಡಿದ್ದವರು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು. ಈ ಎರಡನ್ನೂ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ: ಬೂಸಾ ಸಾಹಿತ್ಯದ ತರಗತಿಯಲ್ಲಿ, ಮಲ ಹೊರುವ ನಿಷೇಧ ಆಡಳಿತದ ಇತಿಹಾಸದಲ್ಲಿ. ಜೋಡಿಸಿ ಓದಿದರೆ ಬೂಸಾ ಮಾತಿಗೆ ಇನ್ನೊಂದು ಅರ್ಥ ಬರುತ್ತದೆ. ಊರಿನ ಮಲ ಎಲ್ಲಿಂದ ಎಲ್ಲಿಗೆ ಯಾರ ತಲೆಯ ಮೇಲೆ ಹೋಗುತ್ತದೆ ಎಂದು ಕಡತಗಳಲ್ಲಿ ಓದಿದ್ದ ಮನುಷ್ಯನೊಬ್ಬ, ಅದರ ಸುಳಿವೂ ಇಲ್ಲದ ಒಂದು ಸಾಹಿತ್ಯದ ಬಗ್ಗೆ ಆಡಿದ ಮಾತು ಅದು. ಅವರು ನಮ್ಮ ಸಾಹಿತ್ಯವನ್ನೆಲ್ಲ ಓದಿ ತೂಗಿ ಹೇಳಿದ್ದರೇ ಎಂದು ಆಗ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರ ಕಡತಗಳನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದರು ಎಂದು ಮಾತ್ರ ಯಾರೂ ಕೇಳಿದಂತೆ ಕಾಣೆ.

ಅವರ ನಂತರ 1976ರಲ್ಲಿ ಐ. ಪಿ. ಡಿ. ಸಾಲಪ್ಪ ಅವರ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಐನೂರು ಜನಸಂಖ್ಯೆಗೆ ಒಬ್ಬ ಕಾರ್ಮಿಕ ಇರಬೇಕು ಎಂಬ ಅದರ ಲೆಕ್ಕ ಮುಂದೆ ಹಲವು ದಶಕ ಹೋರಾಟಗಳ ಬಾಯಲ್ಲಿ ಉಳಿಯಿತು. ಸರ್ಕಾರ ಏಳುನೂರಕ್ಕೆ ಒಬ್ಬ ಎಂದು ಎಳೆಯಿತು. ಐನೂರೋ ಏಳುನೂರೋ ಎಂಬುದು ಒಣ ಅಂಕಿಯ ಜಗಳವಲ್ಲ. ಒಬ್ಬ ಹೆಂಗಸು ಒಂದು ಬೆಳಿಗ್ಗೆ ಎಷ್ಟು ಉದ್ದದ ಬೀದಿ ಗುಡಿಸಬೇಕು, ನಲವತ್ತೈದಕ್ಕೆ ಅವಳ ಸೊಂಟ ಏನಾಗುತ್ತದೆ ಎಂಬುದು ಆ ಅಂಕಿಯೊಳಗಿದೆ.

ನಮ್ಮ ದಲಿತ ಸಾಹಿತ್ಯದ ದೊಡ್ಡ ಕೃತಿಗಳು ಹಳ್ಳಿಯವು. 'ಒಡಲಾಳ', 'ಕುಸುಮಬಾಲೆ'ಗಳ ಲೋಕ ಕೇರಿ, ಜಮೀನು, ಯಜಮಾನರ ತೊಟ್ಟಿಮನೆಗಳದು. ಅದಕ್ಕೆ ಕಾರಣವಿದೆ, ಬರೆದವರು ಬಂದದ್ದು ಅಲ್ಲಿಂದ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬೆಂಗಳೂರಿನ ಶ್ರೀರಾಮಪುರ ಬರುತ್ತದೆ, ಕೊಳೆಗೇರಿ ಬರುತ್ತದೆ, ಅದು ಅಪರೂಪ. ಇನ್ನು ನಗರದ ಬಗ್ಗೆ ಬರೆದ ನವ್ಯರು ಮತ್ತು ಆಮೇಲಿನವರ ಕಥೆಗಳಲ್ಲಿ ನಗರ ಬಹುಮಟ್ಟಿಗೆ ಫ್ಲ್ಯಾಟಿನ ಒಳಗೆ, ಆಫೀಸಿನ ಒಳಗೆ, ನಾಯಕನ ತಲೆಯ ಒಳಗೆ ಇರುತ್ತದೆ. ನಾನು ಓದಿದ ಮಟ್ಟಿಗೆ ಬೆಂಗಳೂರಿನ ಬೆಳಗಿನ ಆರೂವರೆ ಕನ್ನಡ ಕಥೆಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಾಕಿಂಗ್ ಹೋಗುವವರು ಬರುತ್ತಾರೆ, ಹಾಲಿನವನು ಬರುತ್ತಾನೆ, ಪೇಪರಿನ ಹುಡುಗ ಬರುತ್ತಾನೆ.

ಆ ಆರೂವರೆಗೆ ನಡೆಯುವುದೇನು ಎಂದು ನನಗೆ ಹೇಳಿಕೊಟ್ಟವಳು ಅದೇ ಹುಡುಗಿ. ಮೊದಲು ಮಸ್ಟರಿಂಗ್. ಎಲ್ಲರೂ ಒಂದು ಮೂಲೆಯಲ್ಲಿ ಸೇರಬೇಕು, ಬೆರಳಚ್ಚು ಒತ್ತಬೇಕು. ಕಡ್ಡಿ ಪೊರಕೆ ಹಿಡಿದು ಹಿಡಿದು ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಮೇಸ್ತ್ರಿ ಬೈಯುತ್ತಾನೆ. ಒಪ್ಪದಿದ್ದ ದಿನದ ಕೂಲಿ ಅವನ ಮರ್ಜಿ. ಆಮೇಲೆ ಬೀದಿ. ಶೌಚಕ್ಕೆ ಹೋಗಬೇಕೆಂದರೆ ಯಾರ ಮನೆಯಲ್ಲೂ ಬಿಡುವುದಿಲ್ಲ, ಅದಕ್ಕೆ ಅವಳ ಅಮ್ಮ ಬೆಳಿಗ್ಗೆ ನೀರು ಕುಡಿಯುವುದೇ ಇಲ್ಲ. ಊರಿನವರ ಕಸದಲ್ಲಿ ಏನೇನು ಇರುತ್ತದೆ ಎಂದು ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಅದನ್ನು ಹೇಳುವಾಗ ನಾಚಿಕೆಯಾಯಿತು. ಆಗಬೇಕಾದದ್ದು ಅವಳಿಗಲ್ಲ.

ಅವಳು ಇನ್ನೊಂದು ಮಾತು ಹೇಳಿದಳು, ಅದು ವಿಮರ್ಶಕನಾದ ನನಗೆ ತಟ್ಟಿತು. ಮನೆಯಲ್ಲಿ ಅವರು ಆಡುವುದು ತೆಲುಗು. ಬೆಂಗಳೂರನ್ನು ಗುಡಿಸುವ ಹೆಂಗಸರಲ್ಲಿ ಬಹಳ ಮಂದಿಯ ಮನೆಮಾತು ಅದು; ಗಡಿಯಾಚೆಯ ಜಿಲ್ಲೆಗಳಿಂದ ಬಂದು ನೆಲೆಸಿದ ದಲಿತ ಕುಟುಂಬಗಳವರು. ಕನ್ನಡದ ರಾಜಧಾನಿಯನ್ನು ಸ್ವಚ್ಛವಾಗಿಡುವವರ ದುಃಖ ತೆಲುಗಿನಲ್ಲಿದೆ. ಹಾಗಾದರೆ ಅದು ಯಾವ ಸಾಹಿತ್ಯದ ಲೆಕ್ಕಕ್ಕೆ ಬರಬೇಕು? ಅಲ್ಲಿಯ ತೆಲುಗು ಸಾಹಿತ್ಯಕ್ಕೆ ಅವರು ಬೆಂಗಳೂರಿನವರು, ನಮಗೆ ಅವರು ತೆಲುಗಿನವರು. ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರ ಕಥೆಯೂ ಸ್ವಲ್ಪ ಹೀಗೆಯೇ. ಚಿನ್ನದ ಗಣಿಯ ಊರಿನ ಒಣ ಪಾಯಖಾನೆಗಳ ವಿರುದ್ಧ ಶುರುವಾದ ಅವರ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆಲ್ಲ ಹಬ್ಬಿತು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ನಮ್ಮ ಪಠ್ಯಗಳಲ್ಲಿ ಕೆ.ಜಿ.ಎಫ್. ಎಂದರೆ ಇನ್ನೂ ಚಿನ್ನವೇ. ಈಗ ಸಿನಿಮಾ ಕೂಡ.

ಈ ಕೆಲಸವನ್ನು ಬರೆಯುವವರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಸುಂದರವಾಗಿಸುವ ಆಸೆ. ಅರುಣ್ ಕೊಲಟ್ಕರ್ ಅವರ 2004ರ 'ಕಾಲಾ ಘೋಡಾ ಪೊಯಮ್ಸ್' ಸಂಕಲನದಲ್ಲಿ 'ಮೀರಾ' ಎಂಬ ಕವಿತೆಯಿದೆ. ಮುಂಬಯಿಯ ಬೀದಿ ಗುಡಿಸುವ ಹೆಂಗಸು ಕಸದ ಗಾಡಿಗೆ ಹತ್ತಿ ಕಸವನ್ನು ತುಳಿದು ತುಳಿದು ಅದುಮುತ್ತಾಳೆ. ಕವಿಗೆ ಅದು ಕೃಷ್ಣನ ಮುಂದೆ ಮೀರಾ ಕುಣಿದಂತೆ ಕಾಣುತ್ತದೆ, ಪೊರಕೆ ವಾದ್ಯವಾಗುತ್ತದೆ. ನಾನು ಬಹಳ ಮೆಚ್ಚುವ ಕವಿ ಕೊಲಟ್ಕರ್. ಆ ಕಸದಲ್ಲಿ ಏನೇನಿದೆ ಎಂದು ಅವರಷ್ಟು ನಿಧಾನವಾಗಿ ನೋಡಿದವರು ಕಡಿಮೆ. ಆದರೂ ಈಗ ಅದನ್ನು ಓದುವಾಗ ಕಸವನ್ನು ಕಾಲಿನಿಂದ ಅದುಮಬೇಕಾದ ಗಾಡಿಯ ಕಡೆಗೂ ನನ್ನ ಕಣ್ಣು ಹೋಗುತ್ತದೆ. ನಮ್ಮ ಊರಿನಲ್ಲಿ ಈಗ ಅದಕ್ಕೆ ಕಾಂಪ್ಯಾಕ್ಟರ್ ಲಾರಿ ಇದೆ. ಇರಲಿ, ಕವಿತೆ ಸುಳ್ಳಲ್ಲ. ಬೀದಿ ಗುಡಿಸುವಾಕೆಯ ಮೈಯಲ್ಲಿ ಲಯವಿದೆ, ಅದನ್ನು ಕಂಡವನು ಕಂಡೆ ಎನ್ನಲೇಬೇಕು. ನೋಡುವವನು ಎದುರಿನ ಹೋಟೆಲಿನಲ್ಲಿ ಚಹಾದ ಮುಂದೆ ಕೂತಿದ್ದಾನೆ ಎಂಬುದನ್ನು ಕೊಲಟ್ಕರ್ ಮರೆಮಾಚುವವರೂ ಅಲ್ಲ.

ಮರೆಮಾಚುವುದು ಕವಿತೆಯ ಹೊರಗೆ. ಗಾಂಧಿಯವರು ಈ ಕೆಲಸಕ್ಕೆ ಕೊಟ್ಟ ಪಾವಿತ್ರ್ಯವನ್ನು ಅಂಬೇಡ್ಕರ್ ತಮ್ಮ 1945ರ ಪುಸ್ತಕದಲ್ಲಿ ಕಟುವಾಗಿ ಪ್ರಶ್ನಿಸಿದರು: ಬಡತನವನ್ನು, ಜಾಡಮಾಲಿಯ ಕೆಲಸವನ್ನು ಹೊಗಳುವುದು ಅದರಲ್ಲೇ ಇರಬೇಕಾದವರಿಗೆ ಮಾಡುವ ಕ್ರೂರ ಹಾಸ್ಯ ಎಂಬುದು ಅವರ ವಾದ. ನಮ್ಮಲ್ಲಿ ಅದೇ ಕೆಲಸವನ್ನು ಕಾಯಕ-ಕೈಲಾಸದ ಮಾತು ಮಾಡುತ್ತದೆ. ಹನ್ನೆರಡನೆಯ ಶತಮಾನದ ಸತ್ಯಕ್ಕ ಶರಣರ ಅಂಗಳ ಗುಡಿಸುವ ಕಾಯಕ ಮಾಡಿದಳೆಂದು ಓದುತ್ತೇವೆ. ಆಕೆ ವಚನವನ್ನೂ ಬರೆದಳು ಎಂಬುದನ್ನು ಮರೆಯಬಾರದು. ಆಕೆಗೆ ಪೊರಕೆಯ ಜೊತೆ ಮಾತೂ ಇತ್ತು, ಅಂಗಳ ಯಾರದು ಎಂಬ ಆಯ್ಕೆಯೂ ಇತ್ತು. ಪೌರಕಾರ್ಮಿಕ ದಿನಾಚರಣೆಯ ವೇದಿಕೆಯಲ್ಲಿ ಆಕೆಯ ಹೆಸರು ಹೇಳುವವರು ಈ ಎರಡನ್ನು ಬಿಟ್ಟು ಪೊರಕೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೊರೊನಾ ಕಾಲದಲ್ಲಿ ಬೀದಿ ಬೀದಿಯಲ್ಲಿ ಹೂಮಾಲೆ ಹಾಕಿದೆವು. ಹುಡುಗಿಯ ಅಮ್ಮನಿಗೂ ಒಂದು ಮಾಲೆ ಬಿತ್ತಂತೆ. ಮಾರನೆಯ ದಿನ ಅದನ್ನು ಗುಡಿಸಿದ್ದೂ ಅವರೇ.

ಹೊಗಳಿಕೆಯನ್ನೂ ಕಣ್ಣೀರನ್ನೂ ಎರಡನ್ನೂ ಬಿಟ್ಟು ನಿಂತ ಒಂದು ಕೃತಿಯನ್ನು ಹೆಸರಿಸಬೇಕೆಂದರೆ ನಾನು ಪುಸ್ತಕವನ್ನಲ್ಲ, ಸಿನಿಮಾವನ್ನು ಹೆಸರಿಸುತ್ತೇನೆ. ಚೈತನ್ಯ ತಮ್ಹಾಣೆ ಅವರ ಮರಾಠಿ ಚಿತ್ರ 'ಕೋರ್ಟ್' (2014). ಮ್ಯಾನ್‌ಹೋಲಿನಲ್ಲಿ ಸತ್ತ ಕಾರ್ಮಿಕನೊಬ್ಬನನ್ನು ಆತ್ಮಹತ್ಯೆಗೆ ಪ್ರಚೋದಿಸಿದ ಹಾಡು ಕಟ್ಟಿದ ಎಂದು ಮುದುಕ ಲೋಕಶಾಹಿರನೊಬ್ಬನನ್ನು ಬಂಧಿಸುತ್ತಾರೆ. ಸತ್ತವನ ಹೆಂಡತಿ ಸಾಕ್ಷಿ ಹೇಳುತ್ತಾಳೆ. ವಕೀಲರು ಕೇಳಿದ್ದಕ್ಕೆ ಮಾತ್ರ ಉತ್ತರ, ದನಿ ಏರುವುದಿಲ್ಲ. ರಕ್ಷಣೆಗೆ ಏನೂ ಕೊಟ್ಟಿರಲಿಲ್ಲ. ವಾಸನೆ ತಡೆಯಲು ಕುಡಿದು ಇಳಿಯುತ್ತಿದ್ದ. ಮೊದಲು ಒಂದು ಕಲ್ಲು ಎಸೆದು ಜಿರಳೆ ಹೊರಬರುತ್ತದೋ ನೋಡುತ್ತಿದ್ದ. ಬಂದರೆ ಕೆಳಗೆ ಉಸಿರಾಡಬಹುದು ಎಂದು ಲೆಕ್ಕ. ಕ್ಯಾಮೆರಾ ಅವಳ ಮುಖಕ್ಕೆ ಹತ್ತಿರ ಹೋಗಿ ನಮ್ಮನ್ನು ಅಳಿಸಲು ನೋಡುವುದಿಲ್ಲ. ಆಮೇಲೆ ವಕೀಲ ಅವಳನ್ನು ಕಾರಿನಲ್ಲಿ ಮನೆಗೆ ಬಿಡುತ್ತಾನೆ. ಅವಳಿಗೆ ಬೇಕಾಗಿರುವುದು ಕರುಣೆಯಲ್ಲ, ಒಂದು ಕೆಲಸ. ಇಡೀ ಚಿತ್ರ ಆ ಸತ್ತವನಿಗಾಗಿ ಒಂದು ಹನಿ ಸಂಗೀತವನ್ನೂ ಖರ್ಚು ಮಾಡುವುದಿಲ್ಲ. ಎಂಥ ಕೆಲಸ, ಯಾರು ಕೊಟ್ಟ ಕೆಲಸ, ಏನು ಕೊಟ್ಟು ಇಳಿಸಿದರು: ಕೇಳಬೇಕಾದ ಪ್ರಶ್ನೆಗಳನ್ನು ಅದು ನ್ಯಾಯಾಲಯದ ಬೇಸರದ ದನಿಯಲ್ಲೇ ಕೇಳುತ್ತದೆ. ನಮ್ಮ ಹಿಂದಿನ ಬೆಂಚಿನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ದನಿ ನನಗೆ ಸಿಕ್ಕಿಲ್ಲ.

ಬೆಂಗಳೂರು ತನ್ನ ಕಸವನ್ನು ತಾನೇ ನೋಡಬೇಕಾಗಿ ಬಂದದ್ದು ಎರಡು ಸಲ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದಾಗ, ಆಮೇಲೆ ಮಂಡೂರಿನ ಜನ ಇನ್ನು ಸಾಕು ಎಂದು ಲಾರಿ ತಡೆದಾಗ, ಬೀದಿಗಳಲ್ಲಿ ಕಸ ರಾಶಿ ಬಿತ್ತು. ಮತ್ತೆ 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತಾಗ. ಮೊದಲ ಸಲ ಪತ್ರಿಕೆಗಳು ಬರೆದದ್ದು ಕಸದ ಬಗ್ಗೆ. ಎರಡನೆಯ ಸಲ, ಕಾಯಂ ಮಾಡಿ ಎಂಬ ಒಂದು ಬೇಡಿಕೆಯ ಬಗ್ಗೆ ಕೂಡ ಬರೆಯಬೇಕಾಯಿತು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಬಾಖನ ಮೂರು ದಾರಿಗಳಲ್ಲಿ ಇದು ಇರಲಿಲ್ಲ. ತಕಳಿಯವರ ಮೋಹನನ್ ಇದನ್ನು ಊಹಿಸಬಲ್ಲವನಾಗಿದ್ದ. ಆಟೋ ಟಿಪ್ಪರಿನವರು, ಒಣಕಸ ವಿಂಗಡಿಸುವವರು, ಚೀಲ ಹೊತ್ತು ಚಿಂದಿ ಆಯುವವರು ಈ ಪಟ್ಟಿಯ ಹೊರಗೇ ಇದ್ದಾರೆ ಎಂಬುದೂ ನಿಜ; ಅವರ ಸಂಬಳದ ಪ್ರಶ್ನೆಯನ್ನು ಕೇಳಲು ಯಾವ ತರಗತಿಯಲ್ಲಿ ಯಾರು ಕೈ ಎತ್ತುತ್ತಾರೋ.

ಆ ಸೆಮಿಸ್ಟರಿನ ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಬಾಖನ ಬಗ್ಗೆ ಎರಡು ಪುಟ ಬರೆಯಲು ಹೇಳಿದ್ದೆ. ಎಲ್ಲರೂ ಶೋಷಣೆ, ಮಾನವೀಯತೆ ಎಂದು ನಾನು ಬೋರ್ಡಿನ ಮೇಲೆ ಬರೆದ ಪದಗಳನ್ನೇ ನನಗೆ ಹಿಂದಿರುಗಿಸಿದರು. ಅವಳು ಬರೆದದ್ದು ಬಾಖನ ಒಂದು ತಿಂಗಳ ಖರ್ಚಿನ ಪಟ್ಟಿ. ತಂಗಿ ಸೋಹಿನಿಗೆ ಇಷ್ಟು, ಅಪ್ಪನ ಔಷಧಿಗೆ ಇಷ್ಟು, ಸಿಗರೇಟಿಗೆ ಇಷ್ಟು, ಜಿಲೇಬಿಗೆ ಇಷ್ಟು ಎಂದು ಅಣೆ ಪೈಗಳಲ್ಲಿ, ಊಹೆಯಿಂದಲೇ, ಆದರೆ ಕೂಡಿಸಿ ಕಳೆದು ತಪ್ಪಿಲ್ಲದೆ. ಜಿಲೇಬಿಯ ಮುಂದೆ ಆವರಣದಲ್ಲಿ 'ನಷ್ಟ' ಎಂದು ಬರೆದಿದ್ದಳು. ನಾನು ಅದಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟೆ, ಪ್ರಶ್ನೆಗೆ ಉತ್ತರಿಸಿಲ್ಲ ಎಂದು.